ಹಲಸಿನ ಮರದ ಮಣೆ

ಕಾಗದವನ್ನು ಇನ್ನೊಮ್ಮೆ ತೆಗೆದು ಓದಬಾರದೆಂದು ಶಿಕಾರಿಪುರದಲ್ಲಿ ಬಸ್ಸು ಹತ್ತುವಾಗಲೇ ಲೋಕಪ್ಪ ನಿಶ್ಚಯಿಸಿದ್ದ. ಶಿರಾಳಕೊಪ್ಪ ದಾಟುವುದರೊಳಗೆ ಮೂರು ಸಲ ಓದಿದ. ಓದಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಶಿವಮೊಗ್ಗದ ವಾರಪತ್ರಿಕೆಯ ಸಂಪಾದಕರು ತಮ್ಮ ದುಂಡು ಅಕ್ಷರದಲ್ಲಿ ಎಂಟೇ ಸಾಲು ಬರೆದಿದ್ದರು. ‘ನೇತ್ರ’ ಎಂಬ ಹೆಸರಿನಲ್ಲಿ ತಾವು ಬರೆದ ಚಿತ್ರವಿಮರ್ಶೆಯಲ್ಲಿ ವರ್ಣಿಸಿರುವ ಹೆಣ್ಣು ನೋಡುವ ದೃಶ್ಯ ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲವೆಂದು ಚಿತ್ರದ ಕಂಪನಿಯವರು ತಿಳಿಸಿದ್ದಾರೆ. ಚಿತ್ರ ನೋಡದೆಯೇ ಬರೆಯುವವರಿಗೆ ನಿಮ್ಮ ಪತ್ರಿಕೆ ಜಾಗ ಕೊಡುತ್ತದೆಯೇ ಎಂದು ಕೇಳಿದ್ದಾರೆ. ಬುಧವಾರದೊಳಗೆ ತಮ್ಮ ಸಮಜಾಯಿಷಿ ಬರದಿದ್ದರೆ ತಮ್ಮ ನಿಜನಾಮದೊಡನೆ ಕ್ಷಮಾಪಣೆ ಅಚ್ಚುಹಾಕಿ ಅಂಕಣವನ್ನು ನಿಲ್ಲಿಸಬೇಕಾದೀತು. ನೋಡದೆಯೇ ಎಂಬ ಪದದ ಕೆಳಗೆ ಸಂಪಾದಕರು ಗೆರೆ ಎಳೆದಿದ್ದರು. ಆ ಗೆರೆ ಲೋಕಪ್ಪನಿಗೆ ಶಾಯಿಯದೆಂದು ಅನ್ನಿಸಲಿಲ್ಲ, ಬೆತ್ತದ್ದು ಅನ್ನಿಸಿತು.

ಅವನು ನೋಡಿದ್ದ. ಮೂರು ವಾರದ ಹಿಂದೆ, ಊರೂರು ತಿರುಗುವ ಸಿನಿಮಾ ಟೆಂಟು ಇನ್ನೂ ಶಿಕಾರಿಪುರದಲ್ಲಿದ್ದಾಗ, ಕುರ್ಚಿ ಕ್ಲಾಸಿನಲ್ಲಿ ಕೂತು, ತೊಡೆಯ ಮೇಲೆ ಪುಟ್ಟ ನೋಟ್‌ಬುಕ್ಕು ಇಟ್ಟುಕೊಂಡು ನೋಡಿದ್ದ. ಪಕ್ಕದ ಕುರ್ಚಿಯಲ್ಲಿ ಅವನು ಪಾಠ ಹೇಳುತ್ತಿದ್ದ ಮಿಡ್ಲ್‌ಸ್ಕೂಲಿನ ಹೆಡ್‌ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು. ಸಾಧ್ವಿಯೊಬ್ಬಳು ಅತ್ತೆಯ ಕಾಟಕ್ಕೆ ಸಿಕ್ಕಿ ಅಳುತ್ತ ಅಳುತ್ತ ದೇವರ ಮುಂದೆ ಬಿದ್ದಳು. ದೀಪ ಹತ್ತಿತು, ಆರಿತು. ಮುಂದಿನ ರೀಲಿನಲ್ಲಿ ಇದ್ದಕ್ಕಿದ್ದಂತೆ ಒಬ್ಬ ಡೊಳ್ಳುಹೊಟ್ಟೆಯ ಗಂಡು ಹೆಣ್ಣು ನೋಡಲು ಬಂದು ಮಣೆಯ ಮೇಲೆ ಕೂತ. ಕೂತ ಕೂಡಲೇ ಸದ್ದು ಬಿಟ್ಟ. ಹೆಣ್ಣಿನ ತಂದೆ ಬೆಚ್ಚಿ, ಏನದು ಸದ್ದು ಎಂದು ಕೇಳಿದ. ಮಣೆ ಹಳೇದು, ಕಿರುಗುಟ್ಟುತ್ತೆ, ಎಂದ ಗಂಡಿನ ಮಾವ. ಹೆಣ್ಣಿನ ತಂದೆ ಮೂಗು ಅರಳಿಸಿದ. ಸದ್ದೇನೋ ಮಣೇದು, ಈ ವಾಸನೆ? ಆಗ ಅಲ್ಲಿಯವರೆಗೆ ತುಟಿ ಬಿಚ್ಚದ ಗಂಡು ತಲೆ ತಗ್ಗಿಸಿಕೊಂಡು, ಮದುವೆಯ ಹೆಣ್ಣಿಗಿಂತ ಹೆಚ್ಚು ನಾಚಿಕೊಂಡು, ‘ಹಲಸಿನ ಮರದ ಮಣೆ ಅಲ್ವೇ’ ಎಂದ. ಟೆಂಟು ಹಾರಿಹೋಗುವ ಹಾಗೆ ಜನ ನಕ್ಕರು. ಲೋಕಪ್ಪನೂ ನಕ್ಕ. ನಕ್ಕ ಎಂದರೆ ಸಾಲದು, ಮೂಗಿನಿಂದ ಗೊರಕೆಯ ಹಾಗೆ ಒಂದು ಸ್ವರ ಹೊರಟು, ಅದರ ಹಿಂದೆ ಎದೆಯಿಂದ ಇನ್ನೊಂದು ಹೊರಟು, ಕುರ್ಚಿ ಅಲುಗಿತು. ಹೆಡ್‌ಮಾಸ್ತರರು ಕರವಸ್ತ್ರ ತೆಗೆದು ಅವನ ಕಡೆ ನೋಡಿದರು. ಮತ್ತೆ ಕರವಸ್ತ್ರ ಹಿಡಿದುಕೊಂಡರು.

ಆ ಗೊರಕೆ ಅಪ್ಪನದು. ಲೋಕಪ್ಪ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ ಸೊರಬದ ಹತ್ತಿರದ ಹೊಸಬಾಳೆಯಿಂದ ಅಪ್ಪ ಹುಚ್ಚರಾಯಪ್ಪ ಅವಲಕ್ಕಿಯ ಗಂಟು ಹೊತ್ತು ಬಂದು, ವಾರ್ಡನ್ನರ ಎದುರಿಗೇ, ಇಲ್ಲಿಯ ಹುರುಳಿಸಾರು ಉಂಡ ಹುಡುಗರು ರಾತ್ರಿ ಯಾವ ರಾಗ ಹಾಡ್ತಾರೆ ಸ್ವಾಮಿ ಎಂದು ಕೇಳಿ, ತಾನೇ ಮೊದಲು ನಕ್ಕಿದ್ದ. ವಾರ್ಡನ್ನರೂ ನಕ್ಕರೆಂಬುದು ಲೋಕಪ್ಪನಿಗೆ ನೆನಪಿರಲಿಲ್ಲ. ಅವನಿಗೆ ನೆನಪಿದ್ದದ್ದು ವರಾಂಡದ ತುದಿಯಲ್ಲಿ ನಿಂತಿದ್ದ ತನ್ನ ಕೊಠಡಿಯ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು. ಅಂದು ಸಂಜೆ ಅವನು ಹಾಸ್ಟೆಲಿನ ಲೈಬ್ರರಿಗೆ ಹೋಗಿ, ಬೀರುವಿನಲ್ಲಿದ್ದ ಅತ್ಯಂತ ದಪ್ಪ ಪುಸ್ತಕವನ್ನು ತೆಗೆದುಕೊಂಡು, ಅರ್ಥವಾಗದಿದ್ದರೂ ದೀಪ ಆರಿಸುವವರೆಗೆ ಓದಿದ್ದ. ಆಮೇಲೆ ಅರ್ಥವಾಗತೊಡಗಿತು. ಅರ್ಥವಾದ ಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ಟೆಂಟಿನಲ್ಲಿ ನಕ್ಕ ಆ ದಿನ ಮನೆಗೆ ಬಂದವನು ಮುಖ ತೊಳೆದುಕೊಂಡು ಕೂತು ವಿಮರ್ಶೆ ಬರೆದ. ಅಸಹ್ಯ ಎಂಬ ಪದ ನಾಲ್ಕು ಸಲ ಬಂದಿತ್ತು. ಒಂದನ್ನು ಹೊಡೆದುಹಾಕಿ ಹೇಸಿಗೆ ಎಂದು ಮಾಡಿದ. ‘ಹಲಸಿನ ಮರವನ್ನೂ ಹೊಲಸು ಮಾಡದೆ ಬಿಡದ ಈ ನಿರ್ದೇಶಕ ಮಹಾಶಯರು’ ಎಂಬ ಸಾಲು ಬಂದಾಗ ಅವನಿಗೆ ಸಮಾಧಾನವಾಯಿತು. ಪತ್ರಿಕೆ ಬಂದ ದಿನ ಹೆಡ್‌ಮಾಸ್ತರರು ಸ್ಟಾಫ್‌ರೂಮಿನಲ್ಲಿ ಅವನ ಭುಜ ಮುಟ್ಟಿ, ‘ಈಗ ಸರಿಯಾಯ್ತು ನೋಡಿ’ ಅಂದರು. ಏನು ಸರಿಯಾಯಿತೆಂದು ಇಬ್ಬರಿಗೂ ಗೊತ್ತಿತ್ತು. ಈಗ ಅದೇ ಸ್ಟಾಫ್‌ರೂಮಿನ ಮೇಜಿನ ಮೇಲೆ ಕ್ಷಮಾಪಣೆ ಇರುವ ಸಂಚಿಕೆ ಬಿದ್ದಿರುವುದನ್ನು ಕಲ್ಪಿಸಿಕೊಂಡು ಅವನು ಬಸ್ಸಿನ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದ. ಪಕ್ಕದಲ್ಲಿದ್ದವನೊಬ್ಬ, ವಾಂತಿ ಬರೋ ಹಂಗಿದ್ರೆ ಈ ಕಡೆ ಬೇಡ ಸ್ವಾಮಿ, ಎಂದು ಕಾಲು ಮಡಿಸಿಕೊಂಡ.

ಸೊರಬದಲ್ಲಿ ಇಳಿದಾಗ ಮೂರು ಗಂಟೆ. ಶಿಕಾರಿಪುರದಿಂದ ಇಲ್ಲಿಗೆ ಬಂದಿದ್ದ ಟೆಂಟು ರಸ್ತೆಯ ಪಕ್ಕದ ಬಯಲಿನಲ್ಲಿತ್ತು. ಹಗಲಿನಲ್ಲಿ ಅದು ತೇಪೆ ಹಾಕಿದ ದೊಡ್ಡ ಗೋಣಿಚೀಲದ ಹಾಗೆ ಕಾಣುತ್ತಿತ್ತು. ಬಾಗಿಲ ಬಳಿ ತಿಮ್ಮಮ್ಮ ಎಂಬ ಮುದುಕಿ ಶೇಂಗಾ ಹುರಿಯಲು ಒಲೆ ಹೂಡುತ್ತಿದ್ದಳು. ಟೆಂಟು ಹೋದಲ್ಲೆಲ್ಲ ಆಕೆಯೂ ಬಾಂಡಲಿ ಹೊತ್ತು ಹೋಗುತ್ತಿದ್ದಳು. ಒಳಗೆ ತಗಡಿನ ಗೂಡಿನಲ್ಲಿ ಟೆಂಟಿನ ಆಪರೇಟರೂ ಮ್ಯಾನೇಜರೂ ಅರ್ಧ ಪಾಲಿನ ಯಜಮಾನನೂ ಆದ ಚಿಕ್ಕಬೀರಪ್ಪ, ಬನಿಯನ್ನಿನಲ್ಲಿ ಕೂತು, ಕೈಯಿಂದ ತಿರುಗಿಸುವ ಚಕ್ರಕ್ಕೆ ರೀಲು ಸುತ್ತುತ್ತಿದ್ದ. ಲೋಕಪ್ಪನ ಗುರುತು ಅವನಿಗೆ ತಕ್ಷಣ ಹತ್ತಿತು.

‘ಬರ್ರಿ ಮಾಸ್ತರ್ರೇ. ಶಿಕಾರಿಪುರ ಬಿಟ್ಟು ಇಲ್ಲೀತನಕ ಬಂದ್ರಿ ಅಂದ್ರೆ ಆ ರೀಲ್ ನೋಡೋಕೇ ಬಂದೀರಿ. ಹೌದಿಲ್ರಿ?’

‘ಯಾವ ರೀಲು?’

‘ಹೆಣ್ಣು ನೋಡೋ ರೀಲ್ರಿ. ಅವತ್ತು ನೀವು ನಕ್ಕಿದ್ದು ಈ ಕಿಂಡಿಯಿಂದ ನಾನು ನೋಡೀನಿ. ಕುರ್ಚಿಯೋರು ನಗೋದು ಭಾಳ ಕಮ್ಮಿ. ಅದಕ್ಕೇ ನೆಪ್ಪೈತಿ.’

ಲೋಕಪ್ಪ ಕಿಂಡಿಯ ಕಡೆ ನೋಡಿದ. ತಗಡಿನಲ್ಲಿ ಅಂಗೈಯಗಲದ ತೂತು. ಕತ್ತಲಲ್ಲಿ ಕೂತವರೆಲ್ಲ ತಾವು ಪರದೆ ನೋಡುತ್ತಿದ್ದೇವೆಂದುಕೊಂಡಿರುತ್ತಾರೆ. ಅವರ ಬೆನ್ನ ಹಿಂದೆ ಒಂದು ಕಣ್ಣು ಅವರನ್ನು ನೋಡುತ್ತಿರುತ್ತದೆ. ನೇತ್ರ ಎಂದು ಹೆಸರಿಟ್ಟುಕೊಂಡಿದ್ದು ತಾನು. ಅವನು ಗಂಟಲು ಸರಿಮಾಡಿಕೊಂಡು, ಆ ದೃಶ್ಯ ಚಿತ್ರದ ಎಷ್ಟನೆಯ ರೀಲಿನಲ್ಲಿದೆ ಎಂದು ಕೇಳಿದ, ಇನ್ಸ್‌ಪೆಕ್ಟರು ಶಾಲೆಗೆ ಬಂದಾಗ ಕೇಳುವ ಧ್ವನಿಯಲ್ಲಿ.

ಚಿಕ್ಕಬೀರಪ್ಪ ಚಕ್ರ ನಿಲ್ಲಿಸಿದ. ‘ಪಿಚ್ಚರ್‌ನಾಗೆ ಎಲ್ಲೈತ್ರಿ ಅದು? ಅದು ನಮ್ಮದು.’ ಅವನು ಬೆಂಚಿನ ಕೆಳಗಿನಿಂದ ಸುತ್ತಲೂ ಬಾಳೆನಾರು ಕಟ್ಟಿದ್ದ ಒಂದು ಹಳೆಯ ಡಬ್ಬಿ ಎಳೆದ. ‘ಆರು ವರ್ಷದ ಹಿಂದೆ ಯಾವುದೋ ಪಿಚ್ಚರ್ ಬಂದಿತ್ತು. ಉಳಿದಿದ್ದೆಲ್ಲ ಹರಿದು ಚಿಂದಿಯಾಗಿ ಹೋಯ್ತು, ಇದೊಂದು ಉಳೀತು. ಎಲ್ಲಾ ಪಿಚ್ಚರಿಗೂ ಹಾಕ್ತೀನ್ರಿ. ದೇವರ ಪಿಚ್ಚರಿಗೂ ಹಾಕೀನಿ. ಜಾಸ್ತಿ ಅಳು ಬಂತು ಅಂದ್ರೆ ನೆಲದೋರು ಮಣೆ, ಮಣೆ ಅಂತಾರೆ. ಒಂದೇ ಮೆಶೀನು, ಹೆಂಗೂ ರೀಲ್ ರೀಲಿಗೂ ದೀಪ ಹಾಕಬೇಕು. ನಡುವೆ ಇದನ್ನ ಏರಿಸ್ತೀನಿ.’

ಬಾಗಿಲ ಕಡೆಯಿಂದ ತಿಮ್ಮಮ್ಮ, ‘ಅದು ಹಳೇ ರೀಲು ಅಂತ ನನ್ನ ಮೊಮ್ಮಗಂಗೂ ಗೊತ್ತು. ಮಾಸ್ತರಿಗೆ ಗೊತ್ತಿರ್ಲಿಲ್ವಾ?’ ಅಂದಳು. ಕೊಂಕು ಇರಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟಿದ್ದಳು. ಅದೇ ಹೆಚ್ಚು ನೋಯಿಸಿತು. ನೆಲದ ಮೇಲೆ ಕೂತು ಕೂಗಿದ ಆ ಮುನ್ನೂರು ಜನಕ್ಕೂ, ಬೀಡಿ ಎಳೆಯುತ್ತ, ಮಕ್ಕಳಿಗೆ ಹಾಲು ಕುಡಿಸುತ್ತ ಕೂತವರಿಗೂ, ಯಾವುದು ಚಿತ್ರ, ಯಾವುದು ಚಿತ್ರವಲ್ಲ ಎಂದು ಸ್ಪಷ್ಟವಾಗಿ ಗೊತ್ತಿತ್ತು. ಇಡೀ ಟೆಂಟಿನಲ್ಲಿ ಗೊತ್ತಿರದಿದ್ದವರು ಇಬ್ಬರೇ. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದಿದ್ದರು, ಇನ್ನೊಬ್ಬ ನೋಟ್‌ಬುಕ್ಕು ಹಿಡಿದಿದ್ದ. ಚಿಕ್ಕಬೀರಪ್ಪ ಡಬ್ಬಿ ಬಿಚ್ಚಿ, ಮೊಳದುದ್ದ ಫಿಲ್ಮು ಎಳೆದು, ಟೆಂಟಿನ ಹರಕಿನಿಂದ ಬರುತ್ತಿದ್ದ ಬಿಸಿಲಿಗೆ ಹಿಡಿದ. ಉಗುರಿನಷ್ಟು ಅಗಲದ ಚೌಕಗಳಲ್ಲಿ ಆ ಡೊಳ್ಳುಹೊಟ್ಟೆಯವನು ಸಾಲಾಗಿ, ಒಬ್ಬನ ಕೆಳಗೆ ಒಬ್ಬನಾಗಿ, ತಲೆ ತಗ್ಗಿಸಿಕೊಂಡು ಕೂತಿದ್ದ. ಸದ್ದೂ ಇಲ್ಲ, ನಗುವವರೂ ಇಲ್ಲ. ಹಾಗೆ ನೋಡಿದರೆ ಅವನು ಬೈಸಿಕೊಂಡ ಶಾಲೆಯ ಹುಡುಗನ ಹಾಗಿದ್ದ.

ಇಷ್ಟು ಸಾಲದೆಂಬಂತೆ ಚಿಕ್ಕಬೀರಪ್ಪ ಒಂದು ಹ್ಯಾಂಡ್‌ಬಿಲ್ ತೆಗೆದುಕೊಟ್ಟ. ತೆಳುವಾದ ಗುಲಾಬಿ ಕಾಗದ. ಮೇಲೆ ಚಿತ್ರದ ಹೆಸರು. ಕೆಳಗೆ ಲೋಕಪ್ಪನ ವಿಮರ್ಶೆ, ಅಸಹ್ಯ ಎಂದಿದ್ದಲ್ಲೆಲ್ಲ ದಪ್ಪಕ್ಷರ. ‘ಪೇಪರ್‌ನಾಗೆ ಬಂದಿದ್ದು ನೋಡ್ರಿ. ಯಾರೋ ಪುಣ್ಯಾತ್ಮ ಒಂದು ಮಾತೂ ಬಿಡದಂಗೆ ಬರದಾನೆ. ಗಾಡಿ ಮೇಲೆ ಕೂತು ತುತ್ತೂರಿ ಇಟ್ಟು ಇದನ್ನೇ ಓದಿಸ್ತೀನಿ. ದೂರದ ಜಡೆ ಊರಿಂದ್ಲೂ ಜನ ಬರ್ತಾರ್ರಿ ಈಗ. ಆ ಮನುಷ್ಯ ಸಿಕ್ಕರೆ ಜೀವಮಾನ ಪೂರ್ತಿ ಕುರ್ಚಿ ಪಾಸ್ ಕೊಡ್ತೀನಿ.’

‘ಕಂಪನಿಯವರಿಗೆ ಗೊತ್ತಾದರೆ?’ ಲೋಕಪ್ಪ ಕೇಳಿದ. ಕೇಳಬಾರದೆಂದುಕೊಂಡಿದ್ದ. ‘ಅವರು ಪತ್ರಿಕೆಗೆ ಕಾಗದ ಬರೆದಿದ್ದಾರಂತೆ. ಇಂಥ ದೃಶ್ಯ ನಮ್ಮ ಚಿತ್ರದಲ್ಲಿಲ್ಲ ಅಂತ.’

ಚಿಕ್ಕಬೀರಪ್ಪನ ಮುಖ ನಿಧಾನವಾಗಿ ಇಳಿಯಿತು. ಅವನು ಫಿಲ್ಮನ್ನು ಒಳಗೆ ಸುತ್ತಿ, ಮುಚ್ಚಳ ಹಾಕಿ, ಬಾಳೆನಾರನ್ನು ಎರಡು ಗಂಟು ಬಿಗಿದ. ‘ಅವರ ಪಿಚ್ಚರಿಗೆ ಇನ್ನೊಂದು ಸೇರಿಸೀನಿ ಅಂತ ತಿಳಿದರೆ ಮುಂದೆ ಒಂದು ಡಬ್ಬೀನೂ ಕೊಡಲ್ರಿ. ಒಬ್ಬರು ನಿಲ್ಲಿಸಿದ್ರೆ ಎಲ್ಲರೂ ನಿಲ್ಲಿಸ್ತಾರೆ. ಆಮೇಲೆ ಈ ಟೆಂಟಿನ ಬಟ್ಟೆ ಹರಿದು ಚೀಲ ಹೊಲಿಬೇಕು.’ ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿದ. ‘ಬರೆದೋರು ನಿಮಗೆ ಪರಿಚಯನ್ರಿ? ನೀವು ಓದಿದೋರು. ಒಂದು ಮಾತು ಹೇಳ್ರಿ ಅವರಿಗೆ. ಟೆಂಟಿನೋರು ಹಾಕಿದ್ದು ಅಂತ ಮಾತ್ರ ಬರೀಬ್ಯಾಡ ಅನ್ರಿ.’

‘ನೋಡೋಣ’ ಎಂದ ಲೋಕಪ್ಪ. ಅದು ಹೆಡ್‌ಮಾಸ್ತರರು ಜಾರಿಕೊಳ್ಳುವಾಗ ಆಡುವ ಮಾತು.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು ಅವನು ಜೇಬಿನಿಂದ ಅಂಚೆ ಕಾರ್ಡು ತೆಗೆದು ಪೆನ್ಸಿಲಿನಲ್ಲಿ ಬರೆದ. ‘ಮಾನ್ಯರೆ, ವಿಚಾರಿಸಲಾಗಿ, ಸದರಿ ದೃಶ್ಯವನ್ನು ಟೆಂಟಿನ ಮ್ಯಾನೇಜರು ಹಳೆಯ ಬೇರೊಂದು ಚಿತ್ರದಿಂದ ತೆಗೆದು ಅಕ್ರಮವಾಗಿ ಸೇರಿಸಿದ್ದೆಂದು ತಿಳಿದುಬಂದಿದೆ. ಇದರಲ್ಲಿ ವಿಮರ್ಶಕನ ತಪ್ಪೇನೂ ಇರುವುದಿಲ್ಲ.’ ಪ್ರತಿಯೊಂದು ಪದವೂ ನಿಜ. ನಿಜವನ್ನು ಬರೆಯಲು ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ಅವನಿಗೆ ರೇಗಿತು. ಚಿಕ್ಕಬೀರಪ್ಪನ ಮೇಲೆ ರೇಗಿತು, ಕಂಪನಿಯವರ ಮೇಲೆ, ಕಾಫಿಯ ಮೇಲೆ, ತನಗೆ ಕೈಮುಗಿಯುವ ಹಾಗೆ ಮಾತಾಡಿದ ಆ ಬನಿಯನ್ನಿನ ಮನುಷ್ಯ ಯಾಕಾದರೂ ತನ್ನ ನಗುವನ್ನು ನೆನಪಿಟ್ಟುಕೊಂಡನೋ ಅದರ ಮೇಲೆ. ಪೋಸ್ಟ್ ಆಫೀಸಿನ ಡಬ್ಬಿ ಹತ್ತು ಹೆಜ್ಜೆಯಲ್ಲಿತ್ತು. ಅವನು ಏಳುವಷ್ಟರಲ್ಲಿ ಬೀದಿಯಿಂದ, ‘ಏ ಲೋಕಾ’ ಎಂಬ ಕೂಗು ಬಂತು. ಕಾರ್ಡು ಜೇಬಿಗೆ ಹೋಯಿತು.

ಹುಚ್ಚರಾಯಪ್ಪ ಗಾಡಿಯಿಂದ ಇಳಿಯುತ್ತಿದ್ದ. ಗಾಡಿಯಲ್ಲಿ ಹೊಸಬಾಳೆಯ ಇನ್ನೂ ನಾಲ್ಕೈದು ಜನರಿದ್ದರು. ಎಲ್ಲರೂ ಮಡಿ ಅಂಗಿ ತೊಟ್ಟಿದ್ದರು. ‘ಎಂತಕೆ ಬಂದ್ಯ? ರಜವ? ಮನೆಗೆ ಬರದೆ ಹೋಟ್ಲಲ್ಲಿ ಕೂತಿದ್ಯಲ್ಲ ಮಾರಾಯ. ಇರ್ಲಿ, ಸರಿಯಾದ ಹೊತ್ತಿಗೆ ಸಿಕ್ಕಿದೆ. ಇದನ್ನ ಓದು.’ ಅಪ್ಪ ಸೊಂಟದಿಂದ ಗುಲಾಬಿ ಕಾಗದ ತೆಗೆದ. ಎಂಟು ಮಡಿಕೆಯಾಗಿತ್ತು, ಮಡಿಕೆಗಳಲ್ಲಿ ಹರಿದಿತ್ತು. ‘ಟೆಂಟಿನ ಗಾಡಿಯೋನು ಓದ್ತಾನೆ, ಅರ್ಧ ನುಂಗ್ತಾನೆ. ನೀನು ಸರಿಯಾಗಿ ಓದು.’

‘ಅಪ್ಪಯ್ಯ, ಇದರಲ್ಲಿ ಬೈದಿದಾರೆ.’

‘ಬೈಲಿ. ಓದು ನೀನು.’

ಬೀದಿಯಲ್ಲಿ, ಗಾಡಿಯ ನೊಗಕ್ಕೆ ಒರಗಿಕೊಂಡು, ಲೋಕಪ್ಪ ತಾನು ಬರೆದದ್ದನ್ನು ತಾನೇ ಓದಿದ. ‘ಸುಸಂಸ್ಕೃತ ಪ್ರೇಕ್ಷಕರು ತಲೆ ತಗ್ಗಿಸಬೇಕಾದ’ ಎನ್ನುವಾಗಲೇ ಒಬ್ಬನ ಭುಜ ಕುಣಿಯತೊಡಗಿತು. ‘ಮಣೆಯೊಂದು ಮಾಡಬಾರದ ಸದ್ದನ್ನು ಅದರ ಮೇಲೆ ಹೊರಿಸುವ ಈ ಹೇಯ ಸಂಭಾಷಣೆ’ ಎನ್ನುವಾಗ ಇಬ್ಬರು ಗಾಡಿಯ ಚಕ್ರ ಹಿಡಿದುಕೊಂಡರು. ಹಲಸಿನ ಮರ ಬಂದಾಗ ಅಪ್ಪ ನೆಲಕ್ಕೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟ. ಅದೇ ಗೊರಕೆ. ಬೈಗುಳದ ಒಂದೊಂದು ಪದವೂ ಅವರಿಗೆ ಆ ದೃಶ್ಯದ ಒಂದೊಂದು ಚೌಕವನ್ನು ಬಿಸಿಲಿಗೆ ಹಿಡಿದು ತೋರಿಸುತ್ತಿತ್ತು. ಲೋಕಪ್ಪ ಧ್ವನಿ ಗಡುಸು ಮಾಡಿದಷ್ಟೂ ಅವರು ಹೆಚ್ಚು ನಕ್ಕರು. ಕೊನೆಗೆ ಅಪ್ಪ ಕಣ್ಣು ಒರೆಸಿಕೊಂಡು, ‘ಬರೆದೋನು ಬೈದಾನೆ, ಖರೆ. ಆದ್ರೆ ಅವನು ನಕ್ಕಿದಾನೆ ನೋಡು. ನಗದೆ ಇದ್ದೋನಿಗೆ ಇಷ್ಟೆಲ್ಲ ನೆನಪಿರ್ತದಾ?’ ಎಂದ.

ಲೋಕಪ್ಪ ಕಾಗದವನ್ನು ಇದ್ದ ಮಡಿಕೆಗಳಲ್ಲೇ ಮಡಿಸಿ ಕೊಟ್ಟ.

ಕುರ್ಚಿಗೆ ಹೋಗುತ್ತೇನೆಂದರೆ ಅಪ್ಪ ಬಿಡಲಿಲ್ಲ. ದೀಪ ಆರುವ ಹೊತ್ತಿಗೆ ಅವನು ಮರಳಿನ ಮೇಲೆ, ಹೊಸಬಾಳೆಯವರ ನಡುವೆ ಕಾಲು ಮಡಿಸಿ ಕೂತಿದ್ದ. ನೆಲದಿಂದ ಪರದೆ ತೀರ ದೊಡ್ಡದಾಗಿ, ಮೇಲಿನಿಂದ ಬೀಳುವ ಹಾಗೆ ಕಾಣುತ್ತಿತ್ತು. ಸಾಧ್ವಿ ಬಂದಳು, ಅತ್ತೆ ಬಂದಳು. ಜನ ಸಹನೆಯಿಂದ ನೋಡಿದರು. ಬಸ್ಸಿಗೆ ಕಾಯುವವರ ಸಹನೆ. ಸಾಧ್ವಿ ದೇವರ ಮುಂದೆ ಬಿದ್ದಳು. ರೀಲು ಮುಗಿಯಿತು, ದೀಪ ಹತ್ತಿತು. ‘ಮಣೆ’ ಎಂದು ಯಾರೋ ಮೆಲ್ಲಗೆ ಅಂದರು. ‘ಮಣೆ, ಮಣೆ’ ಎಂದು ನಾಲ್ಕು ಕಡೆಯಿಂದ ಅಂದರು. ಗೂಡಿನ ಕಿಂಡಿಯಲ್ಲಿ ಚಿಕ್ಕಬೀರಪ್ಪನ ಮುಖ ಕಾಣಿಸಿತು. ‘ಇವತ್ತು ಇಲ್ರಪ್ಪ. ಆ ರೀಲು ಹರಿದೈತಿ’ ಎಂದ. ಹೇಳುವಾಗ ಅವನ ಕಣ್ಣು ಕುರ್ಚಿಗಳ ಕಡೆ ಹುಡುಕಿ, ಸಿಗದೆ, ಆಮೇಲೆ ನೆಲದ ಮೇಲೆ ಲೋಕಪ್ಪನನ್ನು ಕಂಡಿತು.

ಗದ್ದಲವಾಯಿತು. ಜಡೆಯಿಂದ ನಡೆದು ಬಂದೀವಿ ಎಂದು ಒಬ್ಬ ಎದ್ದ. ತಗಡಿಗೆ ಒಂದು ಕಲ್ಲು ಬಿತ್ತು. ಇನ್ನೊಂದು ಬೀಳುವಷ್ಟರಲ್ಲಿ ಹುಚ್ಚರಾಯಪ್ಪ ಎದ್ದು ನಿಂತ. ‘ಹರಿದ್ರೆ ಹರೀಲಿ ಮಾರಾಯ್ರೇ, ನಮಗೇನು ಬರಾದಿಲ್ವಾ?’ ಎಂದು ಟವೆಲನ್ನು ತಲೆಗೆ ಸುತ್ತಿ ಹೆಣ್ಣಿನ ತಂದೆಯಾದ. ಬೆಂಚಿನವನೊಬ್ಬ ಅಲ್ಲಿಂದಲೇ ಗಂಡಿನ ಮಾವನಾದ. ‘ಗಂಡು?’ ಎಂದು ಯಾರೋ ಕೇಳಿದರು. ಅಪ್ಪ ತಿರುಗಿ, ಮಗನ ನೆತ್ತಿಯ ಮೇಲೆ ಕೈಯಿಟ್ಟ. ‘ಇವನೇ. ಮದುವೆ ಆಗ್ದೆ ಉಳಿದಿದಾನೆ, ಇಲ್ಲಾದ್ರೂ ಆಗ್ಲಿ.’

ಲೋಕಪ್ಪ ಏಳಲು ನೋಡಿದ. ನೆತ್ತಿಯ ಮೇಲೆ ಅಪ್ಪನ ಕೈ ಭಾರವಾಗಿತ್ತು. ಬೆಂಚಿನ ಮಾವ ಅಂಗೈಯನ್ನು ಬಾಯಿಗಿಟ್ಟು ಸದ್ದು ಮಾಡಿದ; ಟೆಂಟು ಒಮ್ಮೆಲೇ ಸ್ತಬ್ಧವಾಯಿತು. ಏನದು ಸದ್ದು ಎಂದು ಅಪ್ಪ ಬೆಚ್ಚಿಬಿದ್ದ. ಮಣೆ ಹಳೇದು ಎಂದು ಉತ್ತರ ಬಂತು. ನಗಬೇಕಾದ ಕಡೆ ನಕ್ಕರು, ನಿಲ್ಲಿಸಬೇಕಾದ ಕಡೆ ನಿಲ್ಲಿಸಿದರು. ಹಾಡು ಬಲ್ಲವರು ತಾಳದಲ್ಲಿ ನಿಲ್ಲಿಸಿದ ಹಾಗೆ. ‘ಸದ್ದೇನೋ ಮಣೇದು,’ ಅಪ್ಪ ಮೂಗು ಅರಳಿಸಿ ನಾಲ್ಕೂ ಕಡೆ ತಿರುಗಿ ಮೂಸಿದ, ‘ಈ ವಾಸನೆ?’

ಈಗ ಗಂಡಿನ ಮಾತು. ಆ ಮಾತನ್ನು ಬೇರೆ ಯಾರೂ ಆಡುವಂತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಬಾಯಿ ಮುಚ್ಚಿಕೊಂಡು ಅವನ ಕಡೆ ತಿರುಗಿದ್ದರು. ತಿಮ್ಮಮ್ಮ ಬುಟ್ಟಿ ಹಿಡಿದು ನಿಂತಿದ್ದಳು. ಕಿಂಡಿಯಲ್ಲಿ ಚಿಕ್ಕಬೀರಪ್ಪನಿದ್ದ. ಕಲ್ಲೆತ್ತಿಕೊಂಡವನ ಕೈ ಇನ್ನೂ ಮೇಲೇ ಇತ್ತು. ಲೋಕಪ್ಪನ ಕಿವಿ ಕಾದಿತ್ತು. ಒಂದು ಕ್ಷಣ ಅವನಿಗೆ, ತಾನು ಹೀಗೇ ಸುಮ್ಮನೆ ಕೂತಿದ್ದರೆ ಏನಾಗುತ್ತದೆ ಎಂದು ಅನ್ನಿಸಿತು. ಏನೂ ಆಗುವುದಿಲ್ಲ. ಕಲ್ಲು ಬೀಳುತ್ತದೆ, ಅಷ್ಟೆ. ಅಪ್ಪನ ಕೈ ನೆತ್ತಿಯ ಮೇಲಿಂದ ಸ್ವಲ್ಪ ಸಡಿಲವಾಯಿತು. ಅಪ್ಪನಿಗೆ ತನ್ನ ಮೇಲೆ ನಂಬಿಕೆಯಿಲ್ಲ, ಅವನು ಈಗ ಇದನ್ನು ಬೇರೆ ಕಡೆ ತಿರುಗಿಸುತ್ತಾನೆ, ನಮ್ಮ ಮಾಸ್ತರು ಓದಿದೋನು, ಅವನಿಗೆ ಇದೆಲ್ಲ ಬರಾದಿಲ್ಲ ಎಂದು ಮರ್ಯಾದೆ ಉಳಿಸುತ್ತಾನೆ ಎಂದು ಗೊತ್ತಾದಾಗ ಲೋಕಪ್ಪ ತಲೆ ತಗ್ಗಿಸಿದ. ನಟನೆಯೇನೂ ಬೇಕಾಗಲಿಲ್ಲ.

‘ಹಲಸಿನ ಮರದ ಮಣೆ ಅಲ್ವೇ’ ಎಂದ.

ನಗು ಮೇಲಿನಿಂದ ಬಿದ್ದಿತೋ, ನೆಲದಿಂದ ಎದ್ದಿತೋ ಅವನಿಗೆ ತಿಳಿಯಲಿಲ್ಲ. ಅಪ್ಪ ಬೆನ್ನು ಚಪ್ಪರಿಸುತ್ತಿದ್ದ, ನೋವಾಗುವ ಹಾಗೆ. ಕಲ್ಲು ಹಿಡಿದವನು ಅದನ್ನು ಮರಳಿಗೆ ಹಾಕಿ ಕೂತ. ಲೋಕಪ್ಪನಿಗೆ ನಗು ಬರಲಿಲ್ಲ. ಅವನು ಕಾದು ನೋಡಿದ, ಬರಲಿಲ್ಲ. ದೀಪ ಆರಿತು.

ಸಾಧ್ವಿ ದೇವರ ಮುಂದಿನಿಂದ ಎದ್ದು ಹಾಡತೊಡಗಿದಳು. ಅಪ್ಪ, ಈ ಅಳು ಮುಗಿದ ಮೇಲೆ ಎಬ್ಬಿಸು ಎಂದು ಹೇಳಿ, ಮಗನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದ. ಲೋಕಪ್ಪ ಅಲುಗಾಡದೆ ಕೂತು, ನಡುವೆ ಬೇರೇನೂ ಇಲ್ಲದ ಆ ಚಿತ್ರವನ್ನು ಮೊದಲ ಸಲ ಪೂರ್ತಿ ನೋಡಿದ. ಚಿತ್ರ ಕೆಟ್ಟದಾಗಿಯೇ ಇತ್ತು. ಸಾಧ್ವಿಯ ಕಣ್ಣೀರಿನಲ್ಲಿ ಸುಳ್ಳಿತ್ತು. ಅತ್ತೆ ಕೊನೆಯಲ್ಲಿ ಕಾರಣವಿಲ್ಲದೆ ಒಳ್ಳೆಯವಳಾದಳು. ಎಲ್ಲಿ ಏನು ತಪ್ಪಿದೆಯೆಂದು ಅವನು ಬೆರಳಿಟ್ಟು ತೋರಿಸಬಹುದಿತ್ತು, ಆದರೆ ಅಂಕಣ ನಿಂತ ಮೇಲೆ ಅದನ್ನು ಅವನಿಂದ ಯಾರೂ ಕೇಳುವುದಿಲ್ಲ. ಅಪ್ಪ ಮಲಗಿರದ ಕಡೆಯ ಕೈಯಿಂದ ಅವನು ಜೇಬಿನ ಕಾರ್ಡು ತೆಗೆದು, ಪೆನ್ಸಿಲಿನ ಸಾಲುಗಳ ಮೇಲೆ ಹೆಬ್ಬೆಟ್ಟು ಒತ್ತಿ ಉಜ್ಜಿದ. ಬೆವರಿಗೆ ಅಕ್ಷರಗಳು ಕದಡಿದವು. ಸಾಧ್ವಿಯ ಮುಖದಿಂದ ಬೀಳುತ್ತಿದ್ದ ಬೆಳಕಿನಲ್ಲಿ, ಮಸಿಯಾದ ಜಾಗದ ಪಕ್ಕದಲ್ಲಿ ಉಳಿದಿದ್ದ ಅಂಚಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಬರೆದ. ಆ ದೃಶ್ಯ ಚಿತ್ರದ್ದಲ್ಲ. ನನಗೆ ತಿಳಿಯಲಿಲ್ಲ. ಕ್ಷಮಾಪಣೆಗೆ ನನ್ನ ಹೆಸರು ಹಾಕಿ: ಲೋಕಪ್ಪ, ತಂದೆ ಹುಚ್ಚರಾಯಪ್ಪ, ಹೊಸಬಾಳೆ.